ಹಿರಿಯರ ಎದೆ ಬಿಗಿತ ಮತ್ತು ಎದೆಬಡಿತ: ಕಾರಣವನ್ನು ಪತ್ತೆ ಹಚ್ಚುವ ಕ್ರಮ

ತಂದೆಗೋ ತಾಯಿಗೋ ಆಗಾಗ ಎದೆ ಹಿಡಿದಂತಾಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಆಸ್ಪತ್ರೆಗೆ ಕರೆದೊಯ್ದರೆ ಇಸಿಜಿ ಸರಿಯಾಗಿದೆ ಎಂದು ಹೇಳಿ ಕಳುಹಿಸುತ್ತಾರೆ, ವಾರ ಕಳೆಯುವುದರೊಳಗೆ ಮತ್ತೆ ಅದೇ ತೊಂದರೆ. ಈ ಸುತ್ತಿನಲ್ಲಿ ಸಿಕ್ಕಿಕೊಂಡ ಕುಟುಂಬಗಳನ್ನು ನಾನು ಬಹಳ ನೋಡಿದ್ದೇನೆ, ನಮ್ಮ ಮನೆಯೂ ಅವುಗಳಲ್ಲಿ ಒಂದಾಗಿತ್ತು. ಎಲ್ಲರೂ ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ: ತೊಂದರೆ ನಡೆಯುತ್ತಿರುವಾಗ ಏನನ್ನೂ ದಾಖಲಿಸುವುದಿಲ್ಲ, ಅದು ಅಡಗಿದ ಮೇಲೆ ಪರೀಕ್ಷೆಗೆ ಓಡುತ್ತಾರೆ.

ರೋಗನಿರ್ಣಯ ವೈದ್ಯರ ಕೆಲಸ. ಆ ನಿರ್ಣಯಕ್ಕೆ ಬೇಕಾದ ಮಾಹಿತಿಯನ್ನು ಸರಿಯಾದ ಕ್ರಮದಲ್ಲಿ ಒದಗಿಸುವುದು ಮನೆಯವರ ಕೆಲಸ, ಮತ್ತು ಈ ಬರಹ ಅದಕ್ಕಾಗಿ. ಬೇಕಾಗುವ ಸಾಧನಗಳು ಕಡಿಮೆ: ಸೆಕೆಂಡಿನ ಮುಳ್ಳಿರುವ ಗಡಿಯಾರ, ತೋಳಿಗೆ ಕಟ್ಟುವ ಬಿಪಿ ಯಂತ್ರ, ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್, ಸಕ್ಕರೆ ಕಾಯಿಲೆ ಇದ್ದರೆ ಗ್ಲುಕೋಮೀಟರ್ ಮತ್ತು ಒಂದು ನೋಟ್‌ಬುಕ್.

## ಹಂತ 1: ಇದು ತುರ್ತು ಸ್ಥಿತಿಯೇ ಎಂಬುದನ್ನು ಮೊದಲು ತೀರ್ಮಾನಿಸಿ

ಕಾರಣ ಹುಡುಕುವ ಕೆಲಸವೆಲ್ಲ ಇದರ ನಂತರದ್ದು. ಕೆಳಗಿನ ಯಾವುದಾದರೂ ಒಂದು ಕಂಡರೂ ತಡಮಾಡದೆ ಆಂಬ್ಯುಲೆನ್ಸ್ ಕರೆಸಬೇಕು.

- ವಿಶ್ರಾಂತಿಯಲ್ಲಿದ್ದರೂ ಕೆಲವೇ ನಿಮಿಷಗಳಲ್ಲಿ ಇಳಿಯದ, ಅಥವಾ ಇಳಿದು ಮತ್ತೆ ಮತ್ತೆ ಬರುವ ಎದೆ ಬಿಗಿತ ಅಥವಾ ಭಾರ
- ತೋಳು, ದವಡೆ, ಕುತ್ತಿಗೆ ಅಥವಾ ಬೆನ್ನಿಗೆ ಹರಡುವ ನೋವು; ಜೊತೆಗೆ ತಣ್ಣನೆಯ ಬೆವರು, ವಾಂತಿ, ಏದುಸಿರು
- ಪ್ರಜ್ಞೆ ತಪ್ಪುವುದು, ಕಣ್ಣು ಕತ್ತಲೆಗಟ್ಟುವುದು, ಹೊಸದಾಗಿ ಕಾಣಿಸಿಕೊಂಡ ಗೊಂದಲ
- ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಬಲ ಕಳೆದುಕೊಳ್ಳುವುದು
- ಇದ್ದಕ್ಕಿದ್ದಂತೆ ಹರಿದಂತೆ ಆಗುವ, ಬೆನ್ನಿಗೆ ಇರಿಯುವ ತೀವ್ರ ನೋವು
- ಒಂದು ಕಾಲಿನ ಮೀನಖಂಡ ಊದಿಕೊಂಡು, ಜೊತೆಗೆ ಹಠಾತ್ತನೆ ಉಸಿರಾಟದ ತೊಂದರೆ. ಶಸ್ತ್ರಚಿಕಿತ್ಸೆ, ದೀರ್ಘ ಪ್ರಯಾಣ ಅಥವಾ ಹಾಸಿಗೆ ಹಿಡಿದು ಮಲಗಿದ್ದ ನಂತರವಂತೂ ಇದನ್ನು ಕಡೆಗಣಿಸಲೇಬಾರದು
- ಸುಮ್ಮನೆ ಕುಳಿತಿರುವಾಗಲೂ ನಾಡಿ 120ಕ್ಕಿಂತ ಮೇಲೆ ಉಳಿದುಬಿಡುವುದು, ಅಥವಾ ತಲೆಸುತ್ತಿನೊಂದಿಗೆ 45ಕ್ಕಿಂತ ಕೆಳಗಿಳಿಯುವುದು

ಹಿರಿಯರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ, ಹೃದಯಾಘಾತವು ನೋವೇ ಇಲ್ಲದೆ ಬರಬಹುದು. ಕಾರಣವಿಲ್ಲದ ಏದುಸಿರು, ಎದ್ದು ನಿಲ್ಲಲಾಗದ ಸುಸ್ತು, ಹೊಟ್ಟೆ ತೊಳಸು, ಇಷ್ಟೇ ಇರಬಹುದು. "ನೋವಿಲ್ಲವಲ್ಲ, ಬೆಳಗ್ಗೆ ನೋಡೋಣ" ಎಂಬ ಮಾತು ಇಲ್ಲಿ ಅಪಾಯಕಾರಿ.

ಆಂಬ್ಯುಲೆನ್ಸ್ ಬರುವವರೆಗೆ ಅವರನ್ನು ಒರಗಿಸಿ ಕೂರಿಸಿ, ನಡೆಸಬೇಡಿ, ಮೆಟ್ಟಿಲು ಇಳಿಸಬೇಡಿ. ಆಸ್ಪಿರಿನ್ ಕೊಡುವುದನ್ನು ತುರ್ತು ಸಹಾಯವಾಣಿಯವರು ಅಥವಾ ವೈದ್ಯರು ಫೋನಿನಲ್ಲಿ ಹೇಳಿದರೆ ಮಾತ್ರ ಮಾಡಿ; ಅಲರ್ಜಿ, ಹೊಟ್ಟೆಯ ಹುಣ್ಣು ಅಥವಾ ರಕ್ತಸ್ರಾವದ ಇತಿಹಾಸವಿದ್ದರೆ, ಬೆನ್ನಿಗೆ ಇರಿಯುವ ನೋವಿದ್ದರೆ, ಅದನ್ನು ಮೊದಲೇ ತಿಳಿಸಿ. ಎದೆನೋವಿಗೆಂದು ನಾಲಿಗೆಯ ಕೆಳಗಿಡುವ ನೈಟ್ರೇಟ್ ಮಾತ್ರೆಯನ್ನು ಅವರಿಗೆಂದೇ ಬರೆದುಕೊಟ್ಟಿದ್ದರೆ ಮಾತ್ರ, ಅದನ್ನೂ ಕುಳಿತೇ ತೆಗೆದುಕೊಳ್ಳಬೇಕು.

ಸಾಮಾನ್ಯ ತಪ್ಪು: ಗ್ಯಾಸ್ ಇರಬೇಕೆಂದು ಆಂಟಾಸಿಡ್ ಕುಡಿಸಿ ಕಾಯುವುದು. ಆಂಟಾಸಿಡ್‌ನಿಂದ ಹಿತವೆನಿಸಿದರೂ ಹೃದಯ ನಿರ್ದೋಷಿ ಎಂದಾಗುವುದಿಲ್ಲ. ನೈಟ್ರೇಟ್ ಮಾತ್ರೆಯಿಂದ ಇಳಿದರೆ ಅದು ಹೃದಯದ್ದೇ ಎಂದೂ ಅಲ್ಲ, ಏಕೆಂದರೆ ಅನ್ನನಾಳದ ಸೆಳೆತವೂ ಅದರಿಂದ ಸಡಿಲಗೊಳ್ಳುತ್ತದೆ.

ತುರ್ತು ವಿಭಾಗದಲ್ಲಿ ತೆಗೆದ ಮೊದಲ ಇಸಿಜಿ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ರಕ್ತದಲ್ಲಿ ಏರಲು ಸಮಯ ಹಿಡಿಯುತ್ತದೆ; ಆದ್ದರಿಂದಲೇ ಅದನ್ನು ಕೆಲವು ಗಂಟೆಗಳ ಅಂತರದಲ್ಲಿ ಎರಡು ಬಾರಿ ನೋಡುವ ರೂಢಿಯಿದೆ. ತೊಂದರೆ ಶುರುವಾದ ಗಂಟೆಯೊಳಗೆ ಒಂದೇ ಪರೀಕ್ಷೆ ಮಾಡಿ ಮನೆಗೆ ಕಳುಹಿಸುತ್ತಿದ್ದರೆ, ಎರಡನೆಯದು ಬೇಡವೇ ಎಂದು ವಿನಯದಿಂದಲೇ, ಆದರೆ ಕೇಳಿಯೇ ತೀರಬೇಕು.

## ಹಂತ 2: ತೊಂದರೆ ನಡೆಯುತ್ತಿರುವಾಗಲೇ ಅದನ್ನು ದಾಖಲಿಸಿ

ತುರ್ತು ಇಲ್ಲವೆಂದು ಖಚಿತವಾದ ಮೇಲೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಮೊದಲು ನಾಡಿ. ಹಿರಿಯರ ಅಂಗೈಯನ್ನು ಮೇಲ್ಮುಖವಾಗಿ ಇರಿಸಿ, ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನತ್ತ ಇಳಿಯುವ ತಗ್ಗಿನಲ್ಲಿ ನಿಮ್ಮ ತೋರುಬೆರಳು ಮತ್ತು ಮಧ್ಯದ ಬೆರಳನ್ನು ಹಗುರವಾಗಿ ಒತ್ತಿ. ಹೆಬ್ಬೆರಳು ಬಳಸಿದರೆ ನಿಮ್ಮದೇ ನಾಡಿ ಸಿಗಬಹುದು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ಸಾಲದು, ಪೂರ್ತಿ 60 ಸೆಕೆಂಡು ಎಣಿಸಿ. ಎಣಿಸುವಾಗ ಸಂಖ್ಯೆಯಷ್ಟೇ ಗಮನವನ್ನು ಲಯಕ್ಕೂ ಕೊಡಿ: ಬಡಿತಗಳ ನಡುವಿನ ಅಂತರ ಒಂದೇ ಸಮನಾಗಿದೆಯೇ, ನಡುವೆ ಒಂದು ತಪ್ಪಿ ಮುಂದಿನದು ಜೋರಾಗಿ ಬೀಳುತ್ತಿದೆಯೇ, ಅಥವಾ ಯಾವ ತಾಳಕ್ಕೂ ಸಿಗದಂತೆ ಹೆಚ್ಚುಕಡಿಮೆಯಾಗುತ್ತಿದೆಯೇ? ವಿಶ್ರಾಂತಿಯಲ್ಲಿ 60ರಿಂದ 100ರವರೆಗಿನ ನಾಡಿಯನ್ನು ಸಹಜವೆಂದು ಪರಿಗಣಿಸುತ್ತಾರೆ.

ನಾಡಿ ಹಿಡಿಯುವುದು ತಡವಾಗಿ, ಅಷ್ಟರಲ್ಲಿ ಬಡಿತ ಅಡಗಿಬಿಟ್ಟಿದ್ದರೆ, ಎದೆಯಲ್ಲಿ ಆದದ್ದನ್ನು ಬೆರಳಿನಿಂದ ಮೇಜಿನ ಮೇಲೆ ಬಾರಿಸಿ ತೋರಿಸಲು ಅವರಿಗೇ ಹೇಳಿ. "ಏನೋ ಒಂಥರಾ ಆಯಿತು" ಎನ್ನುವುದರಾಚೆ ಹೇಳಲು ಬಾರದವರೂ ಬಾರಿಸಿ ತೋರಿಸಬಲ್ಲರು. ಒಂದೇ ಸಮನೆ ಟಕಟಕ ಎಂದು ಬಾರಿಸಿದರೆ ಒಂದು ಅರ್ಥ, ಅಡ್ಡಾದಿಡ್ಡಿಯಾಗಿ ಬಾರಿಸಿದರೆ ಇನ್ನೊಂದು. ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟುಕೊಂಡರೆ ವೈದ್ಯರಿಗೆ ತೋರಿಸಬಹುದು.

ನಂತರ ಬಿಪಿ. ಬೆನ್ನಿಗೆ ಆಸರೆಯಿರಲಿ, ತೋಳು ಎದೆಯ ಮಟ್ಟದಲ್ಲಿ ಯಾವುದಾದರೂ ಆಧಾರದ ಮೇಲಿರಲಿ, ಮಾತು ಬೇಡ. ಲಯ ತಪ್ಪಿದ ನಾಡಿಯಿದ್ದಾಗ ಯಂತ್ರದ ಅಂಕಿಗಳು ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುವುದಿಲ್ಲ. ಆಗ ನಿಮಿಷದ ಅಂತರದಲ್ಲಿ ಮೂರು ಬಾರಿ ನೋಡಿ ಮೂರನ್ನೂ ಬರೆಯಿರಿ. ಪರದೆಯ ಮೇಲೆ ಅನಿಯಮಿತ ಬಡಿತದ ಚಿಹ್ನೆ ಮೂಡಿದ್ದರೆ ಅದನ್ನೂ ಬರೆಯಿರಿ. ಸಕ್ಕರೆ ಕಾಯಿಲೆಯವರಲ್ಲಿ ಆಗಲೇ ಗ್ಲುಕೋಸ್ ನೋಡಬೇಕು. 70ಕ್ಕಿಂತ ಕೆಳಗಿಳಿದ ಸಕ್ಕರೆಯೇ ನಡುಕ, ಬೆವರು, ಎದೆಬಡಿತಗಳಿಗೆ ಕಾರಣವಾಗಿರಬಹುದು. ಹಾಗಿದ್ದರೆ ಬರೆಯುವುದು ಆಮೇಲೆ, ಸಕ್ಕರೆ ಕೊಡುವುದು ಮೊದಲು.

ದಾಖಲೆ ಹೀಗಿರಲಿ: "ಬೆಳಗ್ಗೆ 6.10. ಮೆಟ್ಟಿಲು ಹತ್ತಿದ ಮೇಲೆ. ಎದೆ ಭಾರ, ನಿಧಾನವಾಗಿ ಶುರು, 4 ನಿಮಿಷ. ನಾಡಿ 118, ಲಯ ಸರಿಯಿದೆ. ಬಿಪಿ 108/64. ಆಮ್ಲಜನಕ 97. ಕುಳಿತ ಮೇಲೆ ತಾನಾಗಿಯೇ ಇಳಿಯಿತು." ಇಂತಹ ಐದಾರು ಸಾಲುಗಳಿದ್ದರೆ ವೈದ್ಯರ ಹುಡುಕಾಟ ಅರ್ಧದಷ್ಟು ಹಗುರಾಗುತ್ತದೆ.

ಸಾಧ್ಯವಾದರೆ ಆ ಹೊತ್ತಿನಲ್ಲೇ ಹತ್ತಿರದ ಕ್ಲಿನಿಕ್‌ನಲ್ಲಿ ಇಸಿಜಿ ತೆಗೆಸಿ. ಎಷ್ಟೇ ದೊಡ್ಡ ಆಸ್ಪತ್ರೆಯಲ್ಲಿ ಮರುದಿನ ತೆಗೆದ ಇಸಿಜಿಗಿಂತ, ಬಡಿತ ನಡೆಯುತ್ತಿರುವಾಗ ಸಣ್ಣ ಕ್ಲಿನಿಕ್‌ನಲ್ಲಿ ತೆಗೆದದ್ದು ಹೆಚ್ಚು ಹೇಳುತ್ತದೆ. ಇಸಿಜಿ ಕಾಗದದ ಗೆರೆಗಳು ಕಾಲಕ್ರಮೇಣ ಮಾಸಿಹೋಗುತ್ತವೆ, ಅಂದೇ ಫೋಟೋ ತೆಗೆದಿಡಿ. ಇಸಿಜಿ ಸೌಲಭ್ಯವಿರುವ ಕೈಗಡಿಯಾರ ಕೆಲವು ಲಯದೋಷಗಳನ್ನು ಹಿಡಿಯಬಲ್ಲದು, ಆದರೆ ಹೃದಯಾಘಾತವನ್ನು ಹಿಡಿಯಲಾರದು. ಗಡಿಯಾರ "ಸಹಜ" ಎಂದು ತೋರಿಸಿತೆಂದು ಎದೆ ಬಿಗಿತವನ್ನು ಕಡೆಗಣಿಸಬೇಡಿ.

ಎಚ್ಚರಿಕೆ: ಬಡಿತ ಇಳಿಸಲೆಂದು ಹಿರಿಯರ ಕುತ್ತಿಗೆಯ ಬದಿಯನ್ನು ಒತ್ತಬೇಡಿ, ತಿಕ್ಕಬೇಡಿ. ಅಲ್ಲಿನ ರಕ್ತನಾಳದಲ್ಲಿ ಕೊಬ್ಬು ಗಟ್ಟಿಕೊಂಡಿದ್ದರೆ ಅದು ಕಳಚಿ ಮೆದುಳಿಗೆ ಹೋಗಬಹುದು.

## ಹಂತ 3: ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಿ

"ಹೇಗಿದ್ದೀರಿ" ಎಂದರೆ "ಚೆನ್ನಾಗಿದ್ದೇನೆ" ಎಂಬ ಉತ್ತರವೇ ಬರುತ್ತದೆ. ಮಕ್ಕಳಿಗೆ ತೊಂದರೆ ಕೊಡಬಾರದೆಂಬ ಸಂಕೋಚ ಹಿರಿಯರಲ್ಲಿ ಬಲವಾಗಿರುತ್ತದೆ. ಆದ್ದರಿಂದ ನಿರ್ದಿಷ್ಟವಾಗಿ ಕೇಳಬೇಕು: ಕಳೆದ ತಿಂಗಳು ನಿಲ್ಲದೆ ನಡೆಯುತ್ತಿದ್ದಷ್ಟು ದೂರವನ್ನು ಈಗಲೂ ನಡೆಯುತ್ತೀರಾ? ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ? ರಾತ್ರಿ ಉಸಿರು ಕಟ್ಟಿ ಎದ್ದು ಕೂರುವುದುಂಟೇ? ಬಡಿತ ಸ್ವಿಚ್ ಹಾಕಿದಂತೆ ಶುರುವಾಗಿ ಹಾಗೆಯೇ ನಿಲ್ಲುತ್ತದೆಯೇ, ಅಥವಾ ಏರಿ ಇಳಿಯುತ್ತದೆಯೇ? ಮಲ ಕಪ್ಪಾಗಿ, ಡಾಂಬರಿನಂತೆ ಹೋಗುತ್ತಿದೆಯೇ?

ಕೊನೆಯ ಪ್ರಶ್ನೆ ಮುಜುಗರದ್ದು, ಆದರೂ ಕೇಳಿ. ಅದರ ಕಾರಣ ಮುಂದಿನ ಹಂತದಲ್ಲಿದೆ.

## ಹಂತ 4: ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ ಒಂದೆಡೆ ಹರಡಿ

ವೈದ್ಯರ ಚೀಟಿಯಲ್ಲಿರುವುದಷ್ಟೇ ಅಲ್ಲ. ಕಪಾಟಿನಲ್ಲಿ, ದಿಂಬಿನ ಕೆಳಗೆ, ಕೈಚೀಲದಲ್ಲಿ ಇರುವುದೆಲ್ಲ ಬೇಕು. ನಮ್ಮ ತಂದೆಯವರಿಗೆ ಮೆಟ್ಟಿಲು ಹತ್ತಿದಾಗಲೆಲ್ಲ ಎದೆ ಬಿಗಿದು ಬಡಿತ ಜೋರಾಗುತ್ತಿತ್ತು. ಮೂರು ಬಾರಿ ಆಸ್ಪತ್ರೆಗೆ ಹೋಗಿಬಂದೆವು, ಮೂರು ಬಾರಿಯೂ ಇಸಿಜಿ ಸರಿಯಾಗಿಯೇ ಇತ್ತು, ವಯಸ್ಸಿನ ಆತಂಕವೆಂದು ನಿದ್ರೆಗೆ ಮಾತ್ರೆ ಬರೆದುಕೊಟ್ಟರು. ಕೊನೆಗೊಂದು ದಿನ ಅವರ ಕನ್ನಡಕದ ಡಬ್ಬಿ ತೆರೆದಾಗ, ಒರೆಸುವ ಬಟ್ಟೆಯ ಕೆಳಗೆ ಮಡಚಿಟ್ಟ ನೋವಿನ ಮಾತ್ರೆಯ ಪಟ್ಟಿ ಸಿಕ್ಕಿತು. ಮಂಡಿನೋವಿಗೆಂದು ಐದು ತಿಂಗಳಿನಿಂದ ದಿನಕ್ಕೆರಡು ನುಂಗುತ್ತಿದ್ದರು. ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಿ, ರಕ್ತ ಜಿನುಗಿ (ಮಲ ಕಪ್ಪಾಗುವುದು ಇದರ ಸುಳಿವು), ಹಿಮೋಗ್ಲೋಬಿನ್ 7.4ಕ್ಕೆ ಇಳಿದಿತ್ತು. ಕೊರತೆಯ ರಕ್ತದಲ್ಲೇ ದೇಹಕ್ಕೆ ಆಮ್ಲಜನಕ ಒದಗಿಸಲು ಹೃದಯ ಓಡುತ್ತಿತ್ತು. ಅದುವರೆಗೆ ಯಾರೂ ಒಂದು ರಕ್ತಪರೀಕ್ಷೆ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಐದು ತಿಂಗಳು ನನ್ನನ್ನು ಇಂದಿಗೂ ಕಾಡುತ್ತದೆ.

ಎದೆಬಡಿತವನ್ನು ಏರಿಸಬಲ್ಲ ಅಥವಾ ಕೆದಕಬಲ್ಲ ಔಷಧಿಗಳಲ್ಲಿ ಮುಖ್ಯವಾಗಿ ಗಮನಿಸಬೇಕಾದವು ಇವು. ಉಬ್ಬಸಕ್ಕೆ ಬಳಸುವ ಸಾಲ್ಬ್ಯುಟಮಾಲ್ ಇನ್ಹೇಲರ್ ಮತ್ತು ಥಿಯೋಫಿಲಿನ್. ಮೂಗು ಕಟ್ಟಿದ್ದಕ್ಕೆ ಕೊಡುವ ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆ. ಪ್ರಮಾಣ ಹೆಚ್ಚಾದ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಮಾತ್ರೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಗಳು ದೇಹದ ಪೊಟ್ಯಾಸಿಯಂ ಕಡಿಮೆ ಮಾಡಿ ಲಯ ಕೆಡಿಸಬಹುದು. ಮನೆಮದ್ದಾಗಿ ಬಹಳ ದಿನ ತೆಗೆದುಕೊಂಡ ಅತಿಮಧುರವೂ ಪೊಟ್ಯಾಸಿಯಂ ಇಳಿಸುತ್ತದೆ. ಗ್ಯಾಸಿನ ಮಾತ್ರೆಯೊಳಗೆ ಸೇರಿಕೊಂಡಿರುವ ಡಾಂಪೆರಿಡೋನ್ ಬಗ್ಗೆ ವಿಶೇಷ ಎಚ್ಚರ ಬೇಕು: 60 ದಾಟಿದವರಲ್ಲಿ, ಅಥವಾ ದಿನಕ್ಕೆ 30 ಮಿಲಿಗ್ರಾಂ ಮೀರಿದಾಗ, ಅದು ಹೃದಯದ ಲಯಕ್ಕೆ ಅಪಾಯ ತರಬಹುದು. ಎದೆ ಬಿಗಿತವನ್ನು ಗ್ಯಾಸ್ ಎಂದುಕೊಂಡು ಅದನ್ನೇ ತಿಂಗಳುಗಟ್ಟಲೆ ನುಂಗುವವರಿದ್ದಾರೆ.

ಬಿಪಿ ಮತ್ತು ಬಡಿತ ಇಳಿಸಲು ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಮಾತ್ರೆಗಳನ್ನು ಮುಗಿದವೆಂದು ಹಠಾತ್ತಾಗಿ ನಿಲ್ಲಿಸಿದ್ದರೂ ಬಡಿತ ಜೋರಾಗುತ್ತದೆ, ಎದೆನೋವೂ ಬರಬಹುದು. ಲೈಂಗಿಕ ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್ ಬಳಸುತ್ತಿದ್ದರೆ ಅದನ್ನು ಮಕ್ಕಳ ಮುಂದೆ ಹೇಳಲಾರರು. ನೈಟ್ರೇಟ್ ಜೊತೆಗೂಡಿದರೆ ಬಿಪಿ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯುವುದರಿಂದ, ವೈದ್ಯರೊಂದಿಗೆ ಅವರೊಬ್ಬರೇ ಐದು ನಿಮಿಷ ಮಾತನಾಡಲು ಅವಕಾಶ ಮಾಡಿಕೊಡಿ.

ಎಚ್ಚರಿಕೆ: ಸಂಶಯ ಬಂದ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಮೇಜಿನ ಮೇಲೆ ಇಡಿ.

## ಹಂತ 5: ಮೊದಲ ಭೇಟಿಯಲ್ಲೇ ಮೂಲ ಪರೀಕ್ಷೆಗಳನ್ನು ಮುಗಿಸಿ

ದುಬಾರಿ ಸ್ಕ್ಯಾನ್‌ಗಳಿಗೆ ಮುಂಚೆ ಇವು ಆಗಿರಬೇಕು: 12 ಲೀಡ್ ಇಸಿಜಿ, ಪೂರ್ಣ ರಕ್ತಕಣ ಎಣಿಕೆ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಸಕ್ಕರೆ ಮತ್ತು ಎಕೋ (ಹೃದಯದ ಅಲ್ಟ್ರಾಸೌಂಡ್). ಏದುಸಿರೂ ಇದ್ದರೆ ಎದೆಯ ಎಕ್ಸ್‌ರೇ.

ಹಿರಿಯರಲ್ಲಿ ಥೈರಾಯ್ಡ್ ಅತಿಯಾದರೆ ನಡುಕ, ಬೆವರು, ಚಡಪಡಿಕೆ ಕಾಣದೆ, ಬರಿಯ ಲಯ ತಪ್ಪಿದ ಬಡಿತ ಮತ್ತು ತೂಕ ಇಳಿಕೆಯಷ್ಟೇ ಇರಬಹುದು. ರಕ್ತಹೀನತೆ ಸಿಕ್ಕರೆ ಕಬ್ಬಿಣದ ಮಾತ್ರೆ ಬರೆಸಿಕೊಂಡು ಹೊರಟುಬಿಡಬೇಡಿ, ರಕ್ತ ಎಲ್ಲಾದರೂ ಸೋರುತ್ತಿದೆಯೇ ಎಂಬುದನ್ನು ಹುಡುಕಲೇಬೇಕು.

ದೊಡ್ಡ ಯಂತ್ರಗಳು ಬೇಡದ ಎರಡು ತಪಾಸಣೆಗಳು ಅವಸರದ ಭೇಟಿಯಲ್ಲಿ ಬಿಟ್ಟುಹೋಗುತ್ತವೆ. ಒಂದು, ಐದು ನಿಮಿಷ ಮಲಗಿದ ನಂತರ ಮತ್ತು ಎದ್ದು ನಿಂತ 1 ಹಾಗೂ 3ನೇ ನಿಮಿಷದಲ್ಲಿ ಬಿಪಿ ನೋಡುವುದು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಕುಸಿದರೆ, ನಿಂತಾಗ ಬರುವ ಬಡಿತಕ್ಕೆ ಅದೇ ಕಾರಣವಾಗಿರಬಹುದು. ಇನ್ನೊಂದು, ಸ್ಟೆತಾಸ್ಕೋಪ್‌ನಿಂದ ಹೃದಯದ ಕವಾಟಗಳ ಸದ್ದು ಆಲಿಸುವುದು.

## ಹಂತ 6: ಬಡಿತ ಬರುವ ಅಂತರಕ್ಕೆ ತಕ್ಕ ರೆಕಾರ್ಡರ್ ಆರಿಸಿ

ಇಸಿಜಿ ಹಿಡಿಯುವುದು ಕೆಲವು ಸೆಕೆಂಡುಗಳನ್ನು ಮಾತ್ರ. ತೊಂದರೆ ದಿನವೂ ಬರುತ್ತಿದ್ದರೆ 24ರಿಂದ 48 ಗಂಟೆಗಳ ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡುವ ಸಣ್ಣ ಇಸಿಜಿ ಯಂತ್ರ) ಸಾಕು. ವಾರಕ್ಕೊಮ್ಮೆ ಬರುವುದಾದರೆ ಒಂದೆರಡು ವಾರ ಎದೆಗೆ ಅಂಟಿಸಿಕೊಳ್ಳುವ ಪ್ಯಾಚ್ ಬೇಕು. ಯಾವಾಗಲೋ ಒಮ್ಮೆ ಬಂದು ಪ್ರಜ್ಞೆ ತಪ್ಪಿಸುವಂತಿದ್ದರೆ ಚರ್ಮದ ಕೆಳಗೆ ಇರಿಸುವ, ವರ್ಷಗಟ್ಟಲೆ ಕೆಲಸ ಮಾಡುವ ಸಣ್ಣ ಲೂಪ್ ರೆಕಾರ್ಡರ್ ಇದೆ. ತಿಂಗಳಿಗೊಮ್ಮೆ ಬರುವ ಬಡಿತಕ್ಕೆ ಒಂದು ದಿನದ ಹೋಲ್ಟರ್ ಕಟ್ಟಿ "ಸಹಜ" ಎಂಬ ವರದಿ ಪಡೆಯುವುದರಿಂದ ಪ್ರಯೋಜನವಿಲ್ಲ.

ಹೋಲ್ಟರ್ ಕಟ್ಟಿಸಿಕೊಂಡ ದಿನ ಹಿರಿಯರು ಯಂತ್ರ ಕೆಡಬಹುದೆಂಬ ಭಯದಿಂದ ಕುರ್ಚಿ ಬಿಟ್ಟು ಏಳುವುದಿಲ್ಲ. ಸ್ನಾನವೊಂದನ್ನು ಬಿಟ್ಟು ಎಂದಿನಂತೆ ಇರಬೇಕು; ನಡೆದಾಗ ತೊಂದರೆ ಬರುವುದಾದರೆ ನಡೆಯಬೇಕು. ತೊಂದರೆಯಾದ ಸಮಯವನ್ನು ಬರೆಯಬೇಕು, ಗುಂಡಿ ಇದ್ದರೆ ಒತ್ತಬೇಕು. ವರದಿ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ತೊಂದರೆಯಾದ ನಿಮಿಷದಲ್ಲಿ ಲಯ ಹೇಗಿತ್ತು? ಆ ನಿಮಿಷದಲ್ಲೂ ಲಯ ಸಹಜವಾಗಿದ್ದರೆ ಕಾರಣ ಬೇರೆಡೆ ಇದೆ ಎಂದು ಬಲವಾಗಿ ಹೇಳಬಹುದು. ಆ ಅವಧಿಯಲ್ಲಿ ತೊಂದರೆಯೇ ಆಗದಿದ್ದರೆ ಪರೀಕ್ಷೆ ಇನ್ನೂ ಮುಗಿದಿಲ್ಲ.

ಇಲ್ಲಿ ಸಿಗಬಹುದಾದ ಮುಖ್ಯ ಕಾರಣ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು ಕ್ರಮವಾಗಿ ಸಂಕುಚಿಸದೆ ಬರಿದೆ ಅದುರುವುದು. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಆದ್ದರಿಂದ ಇದು ಖಚಿತವಾದ ದಿನವೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಬೇಕೇ ಎಂದು ಕೇಳಿ. ಅಪಾಯ ಅಳೆಯುವ ಲೆಕ್ಕದಲ್ಲಿ 65 ತುಂಬಿದವರಿಗೆ 1 ಅಂಕ, 75 ತುಂಬಿದವರಿಗೆ 2 ಅಂಕ ವಯಸ್ಸಿನ ಕಾರಣಕ್ಕೇ ಬೀಳುತ್ತದೆ. ಬಡಿತ ತಾನಾಗಿ ನಿಂತಿತೆಂದು ಈ ಅಪಾಯ ಹೋಗುವುದಿಲ್ಲ.

ಇದ್ದಕ್ಕಿದ್ದಂತೆ ಶುರುವಾಗಿ ಇದ್ದಕ್ಕಿದ್ದಂತೆ ನಿಲ್ಲುವ, ಒಂದೇ ಸಮನಾದ 150ರ ಮೇಲಿನ ಬಡಿತ ಬೇರೆ ಬಗೆಯದು. ಅದಕ್ಕೆ ಹೃದಯದ ವಿದ್ಯುತ್ ಜಾಲದ ತಜ್ಞರನ್ನು ಕಾಣಬೇಕಾಗಬಹುದು. ನಡುನಡುವೆ ಒಂದು ಬಡಿತ ತಪ್ಪಿ ಮುಂದಿನದು ಗುದ್ದಿದಂತಾಗುವುದು ಹಲವರಲ್ಲಿ ನಿರುಪದ್ರವಿ, ಆದರೆ ಎಕೋದಲ್ಲಿ ಹೃದಯ ಗಟ್ಟಿಮುಟ್ಟಾಗಿದೆ ಎಂದು ಕಂಡ ನಂತರವಷ್ಟೇ ಹಾಗೆನ್ನಬಹುದು.

## ಹಂತ 7: ಶ್ರಮಪಟ್ಟಾಗ ಬರುವ ಬಿಗಿತದ ಮೂಲ ನೋಡಿ

ನಡೆದಾಗ ಬಂದು, ನಿಂತ ಕೆಲವೇ ನಿಮಿಷಗಳಲ್ಲಿ ಇಳಿಯುವ ಬಿಗಿತ ಹೃದಯದ ರಕ್ತನಾಳ ಕಿರಿದಾಗಿರುವುದರ ಗುರುತಾಗಿರಬಹುದು. ಅದು ಹೊಸದಾಗಿ ಶುರುವಾಗಿದ್ದರೆ, ದಿನದಿನಕ್ಕೆ ಕಡಿಮೆ ಶ್ರಮಕ್ಕೇ ಬರುತ್ತಿದ್ದರೆ, ಅಥವಾ ಕುಳಿತಲ್ಲೇ ಬರತೊಡಗಿದ್ದರೆ ಹಂತ 1ಕ್ಕೆ ಮರಳಿ.

ಈ ಹಂತದಲ್ಲಿ ಕ್ರಮ ತಪ್ಪಿದರೆ ಅಪಾಯವಿದೆ. ವಯಸ್ಸಾದವರಲ್ಲಿ ಮಹಾಪಧಮನಿಯ ಕವಾಟ ಸುಣ್ಣಗಟ್ಟಿ ಕಿರಿದಾಗುವುದುಂಟು. ಅದೂ ಶ್ರಮಪಟ್ಟಾಗ ಎದೆ ಬಿಗಿತ, ಏದುಸಿರು, ತಲೆಸುತ್ತು ತರುತ್ತದೆ. ಕಿರಿದಾಗುವಿಕೆ ತೀವ್ರವಾಗಿದ್ದು ಲಕ್ಷಣಗಳೂ ಇರುವವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಬಾರದು. ಆದ್ದರಿಂದ ಎಕೋ ಮೊದಲು, ಟಿಎಂಟಿ (ಟ್ರೆಡ್‌ಮಿಲ್ ಪರೀಕ್ಷೆ) ನಂತರ. ಪ್ಯಾಕೇಜ್ ತಪಾಸಣೆಗಳಲ್ಲಿ ಈ ಕ್ರಮ ತಲೆಕೆಳಗಾಗಿರುವುದನ್ನು ಕಂಡಿದ್ದೇನೆ.

ಮಂಡಿನೋವಿನವರು ಟಿಎಂಟಿಯಲ್ಲಿ ಎರಡು ನಿಮಿಷಕ್ಕೆ ಇಳಿದುಬಿಟ್ಟರೆ ಆ ವರದಿಗೆ ಅರ್ಥವಿಲ್ಲ. ಅಂತಹವರಿಗೆ ಔಷಧಿ ಕೊಟ್ಟು ಮಾಡುವ ಸ್ಟ್ರೆಸ್ ಎಕೋ ಅಥವಾ ಸಿಟಿ ಆಂಜಿಯೋಗ್ರಾಂ ಸಾಧ್ಯವೇ ಎಂದು ಕೇಳಿ. ಬಣ್ಣದ ದ್ರವ ಚುಚ್ಚುವ ಪರೀಕ್ಷೆಗೆ ಮುಂಚೆ ಕ್ರಿಯಾಟಿನಿನ್ ವರದಿ ತೋರಿಸಿ, ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ತಿಳಿಸಿ.

ಪಾದ ಊದಿ, ಎರಡು ಮೂರು ದಿನಗಳಲ್ಲಿ ತೂಕ 2 ಕಿಲೋ ಏರಿ, ದಿಂಬಿನ ಸಂಖ್ಯೆ ಹೆಚ್ಚುತ್ತಿದ್ದರೆ ಅದು ಹೃದಯ ವೈಫಲ್ಯದ ಸೂಚನೆ. ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅಂದೇ ವೈದ್ಯರಿಗೆ ಫೋನ್ ಮಾಡಿ.

## ಹಂತ 8: ಹೊಟ್ಟೆ, ಸ್ನಾಯು, ಮನಸ್ಸು ಕೊನೆಯಲ್ಲಿ

ಊಟವಾಗಿ ಮಲಗಿದಾಗ, ಬಗ್ಗಿದಾಗ ಉರಿಯೊಂದಿಗೆ ಬರುವ ಬಿಗಿತ ಆಮ್ಲದ್ದಿರಬಹುದು. ಒಂದು ಬೆರಳಿನಿಂದ ತೋರಿಸಬಲ್ಲ, ಒತ್ತಿದರೆ ಹೆಚ್ಚಾಗುವ ನೋವು ಪಕ್ಕೆಲುಬಿನದ್ದಿರಬಹುದು. ಎದೆಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿ ಇದ್ದರೆ ಚರ್ಮವನ್ನು ದಿನವೂ ನೋಡುತ್ತಿರಿ, ಸರ್ಪಸುತ್ತಿನಲ್ಲಿ ಗುಳ್ಳೆ ಏಳುವ ಕೆಲ ದಿನ ಮುಂಚೆಯೇ ನೋವು ಬರುತ್ತದೆ.

ಆತಂಕದಿಂದಲೂ ಎದೆ ಬಿಗಿಯುತ್ತದೆ, ಬಡಿತ ಏರುತ್ತದೆ, ಆ ಸಂಕಟ ನಿಜವಾದದ್ದೇ. ಸಂಗಾತಿಯನ್ನು ಕಳೆದುಕೊಂಡ ಮೇಲೆ ಇಂತಹ ರಾತ್ರಿಗಳು ಬರುವುದುಂಟು, ಅದಕ್ಕೆ ಚಿಕಿತ್ಸೆಯೂ ಉಂಟು. ಆದರೆ ಎಂದೂ ಆತಂಕದ ಸ್ವಭಾವದವರಲ್ಲದ ಹಿರಿಯರಿಗೆ 70ರ ವಯಸ್ಸಿನಲ್ಲಿ ಮೊದಲ ಬಾರಿ ಹೀಗಾದರೆ, ಮೇಲಿನ ಹಂತಗಳು ಮುಗಿಯುವ ಮೊದಲು "ಮನಸ್ಸಿನದ್ದು" ಎಂಬ ತೀರ್ಮಾನವನ್ನು ಒಪ್ಪಬೇಡಿ.

## ಹಂತ 9: ಸಿಕ್ಕ ಕಾರಣವೇ ನಿಜವಾದ ಕಾರಣವೇ ಎಂದು ಪರೀಕ್ಷಿಸಿ

ಈ ವಯಸ್ಸಿನಲ್ಲಿ ಎರಡು ಕಾರಣಗಳು ಒಟ್ಟಿಗೆ ಇರುವುದು ಅಪರೂಪವಲ್ಲ. ಆದ್ದರಿಂದ ಚಿಕಿತ್ಸೆ ಶುರುವಾದ ಮೇಲೂ ನೋಟ್‌ಬುಕ್ ಮುಂದುವರಿಸಿ. ನಮ್ಮ ತಂದೆಯವರ ವಿಷಯದಲ್ಲಿ ನೋವಿನ ಮಾತ್ರೆ ನಿಂತು, ಹುಣ್ಣಿಗೆ ಚಿಕಿತ್ಸೆಯಾಗಿ, ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ 11 ದಾಟಿದಾಗ ಜೋರು ಬಡಿತ ನಿಂತಿತು, ಆದರೆ ಏರು ಹತ್ತುವಾಗ ಬಿಗಿತ ಸ್ವಲ್ಪ ಉಳಿದೇ ಇತ್ತು. ನೋಟ್‌ಬುಕ್‌ನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತಿದ್ದುದರಿಂದ ವೈದ್ಯರು ಹಂತ 7ರ ಪರೀಕ್ಷೆಗಳಿಗೆ ಹೋದರು, ರಕ್ತನಾಳವೊಂದು ಕಿರಿದಾಗಿರುವುದು ಆಗ ತಿಳಿಯಿತು. ಚಿಕಿತ್ಸೆ ಶುರುವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಬಿಗಿತದ ಸಾಲುಗಳು ವಿರಳವಾಗದಿದ್ದರೆ, ಅದೇ ನೋಟ್‌ಬುಕ್ ಹಿಡಿದು ಅದೇ ವೈದ್ಯರ ಬಳಿ ಹೋಗಿ, ಬಾಕಿ ಉಳಿದ ಹಂತ ಯಾವುದು ಎಂದು ಕೇಳಿ.